ಮೂರು ನಿಮಿಷದ ಜನರಲ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಗಳ ಟೋಪಿಗೆ ನಾನು ಹೊಲಿದ ಬಟ್ಟೆ ಕಡುನೀಲಿಯೋ ಬೂದುಬಣ್ಣದ್ದೋ ಎಂಬುದರಲ್ಲೇ ನನಗೂ ಅವಳಿಗೂ ಒಮ್ಮತವಿಲ್ಲ. ಅಂದು ಮಳೆ ಬಂದಿತ್ತೆಂದು ನನ್ನ ನೆನಪು. ಫೋಟೊಗಳಲ್ಲಿ ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ಬಹಳ ವರ್ಷಗಳಿಂದ ದಿನಚರಿ ಬರೆಯುವವಳು ನಾನು. ಹಾಗಾಗಿ ನೆನಪನ್ನು ನಂಬಿ ಕೂರುವ ಅಗತ್ಯ ನನಗೆ ಹೆಚ್ಚಾಗಿ ಬಂದಿರಲಿಲ್ಲ. ಆ ಭಾನುವಾರದ ಪುಟ ತೆಗೆದರೆ ಹೀಗಿದೆ: ಮಗಳಿಗೆ ಎರಡನೆಯ ಬಹುಮಾನ. ಮೀಸೆ ಕರಗಲಿಲ್ಲ. ಬಿಸಿಬೇಳೆಬಾತ್ ಚೆನ್ನಾಗಿತ್ತು, ಮೊಸರನ್ನ ಹುಳಿ. ಮನೆಗೆ ಬಂದು ಸ್ವಲ್ಪ ಹೊತ್ತು ಮಲಗಿದೆ.

ಅಷ್ಟೇ. ಮದಾಮ್ ಬಂದಿದ್ದರೆಂಬ ಮಾತೇ ಅಲ್ಲಿಲ್ಲ.

ನಾನು ಮೈಸೂರಿನಲ್ಲಿ ಇತಿಹಾಸ ಓದಿದವಳು. ದಾಖಲೆಯಲ್ಲಿ ಏನಿದೆ ಎನ್ನುವುದರ ಜೊತೆಗೆ ಏನಿಲ್ಲ ಎನ್ನುವುದನ್ನೂ ನೋಡಬೇಕೆಂದು ನಮಗೆ ಕಲಿಸಿದ್ದರು. ಅದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ. ನನ್ನದೇ ಕೈಬರಹದ ಮೇಲೆ ಆ ಪಾಠವನ್ನು ಪ್ರಯೋಗಿಸಬೇಕಾಗಿ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ನಾವಿರುವುದು ನೈರೋಬಿಯ ಕಿಲಿಮಾನಿ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲಿ. ಗಂಡ ಟೆಲಿಕಾಂ ಕಂಪನಿಯ ಕೆಲಸಕ್ಕೆಂದು ಬೆಂಗಳೂರಿನಿಂದ ಮೂರು ವರ್ಷದ ಮಟ್ಟಿಗೆ ಬಂದವರು. ಈಗ ಆರನೆಯದು ನಡೆಯುತ್ತಿದೆ. ಮಗಳ ಶಾಲೆಯಲ್ಲಿ ಫ್ರೆಂಚ್ ಕಡ್ಡಾಯ. ಅವಳಿಗೆ ಅದು ಹತ್ತದೆ ಹೋದಾಗ ಮನೆಗೆ ಬಂದು ಕಲಿಸುವವರನ್ನು ಹುಡುಕಿದೆವು. ಹಾಗೆ ಸಿಕ್ಕಿದವರು ಮದಾಮ್. ಐವತ್ತರ ಆಸುಪಾಸಿನ ಹೆಂಗಸು. ಊರು ಬ್ರಾಝವಿಲ್, ಅಂದರೆ ಎರಡು ಕಾಂಗೊ ದೇಶಗಳಲ್ಲಿ ಚಿಕ್ಕದರ ರಾಜಧಾನಿ. ಬುಧವಾರ, ಶುಕ್ರವಾರ ಮಟಾಟುವಿನಲ್ಲಿ, ಅಂದರೆ ಇಲ್ಲಿನ ಬಾಡಿಗೆ ವ್ಯಾನಿನಲ್ಲಿ ಬಂದು, ನಾವು ಹೇಳುವ ಮೊದಲೇ ಬಾಗಿಲಾಚೆ ಚಪ್ಪಲಿ ಬಿಟ್ಟು, ಚೀಲದಿಂದ ಕಾಲುಚೀಲ ತೆಗೆದು ಹಾಕಿಕೊಂಡು ಒಳಗೆ ಬರುತ್ತಿದ್ದರು. ನಾನು ಅವರಿಗೆ ಕಾಫಿ ಕೊಡುತ್ತಿದ್ದದ್ದು ಪಿಂಗಾಣಿ ಮಗ್ಗಿನಲ್ಲಿ. ನಾವು ಕುಡಿಯುತ್ತಿದ್ದದ್ದು ಸ್ಟೀಲ್ ಲೋಟದಲ್ಲಿ. ಸ್ಟೀಲ್ ಕೈ ಸುಡುತ್ತದೆ, ಅವರಿಗೆ ಅಭ್ಯಾಸವಿಲ್ಲ ಎಂಬುದು ಕಾರಣ. ಕಾರಣ ಅದೇ ಆಗಿತ್ತು ಎಂದೇ ಬಹಳ ದಿನ ಅಂದುಕೊಂಡಿದ್ದೆ.

ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅವರ ಮಾತಿನ ಧಾಟಿ ಅರ್ಧ ಕಳೆದುಹೋಗಿದೆ ಎಂದು ಓದುವವರು ತಿಳಿದುಕೊಳ್ಳಬೇಕು.

ಮಗಳಿಗೆ ಆಗ ಹನ್ನೊಂದು. ತರಗತಿಯಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರ. ಮಕ್ಕಳು ಅವಳನ್ನು ‘ಟ್ವಿಗಾ’ ಎಂದು ಕರೆಯುತ್ತಿದ್ದರು; ಸ್ವಾಹಿಲಿಯಲ್ಲಿ ಜಿರಾಫೆ. ಒಂದು ದಿನ ಅವಳು ಪಾಠಕ್ಕೆ ಕೂರದೆ ಸೋಫಾದ ಹಿಂದೆ ಕಾಲು ಮಡಚಿ ಕುಳಿತುಬಿಟ್ಟಳು. ಮದಾಮ್ ತಾವೂ ಹೋಗಿ ನೆಲದ ಮೇಲೆ ಕುಳಿತರು. ಫ್ರಾನ್ಸಿನಲ್ಲಿ ಒಬ್ಬ ಇದ್ದ, ಎಷ್ಟು ಉದ್ದ ಎಂದರೆ ಸೈನಿಕ ಶಾಲೆಯಲ್ಲಿ ಗೆಳೆಯರು ಅವನಿಗೆ ಒಂದು ತರಕಾರಿಯ ಹೆಸರಿಟ್ಟು ರೇಗಿಸುತ್ತಿದ್ದರು, ಆಮೇಲೆ ಆತ ಜನರಲ್ ಆದ, ಆಮೇಲೆ ರಾಷ್ಟ್ರಾಧ್ಯಕ್ಷನಾದ ಎಂದರು.

ಮಗಳು ತಲೆಯೆತ್ತಿ, “ವಿಚ್ ವೆಜಿಟಬಲ್?” ಎಂದು ಕೇಳಿದಳು.

ಮದಾಮ್ ಹೇಳಿದ ತರಕಾರಿ ನಮ್ಮ ಮನೆಗೆ ಬರುವಂಥದ್ದಲ್ಲ. ನಾನು ಅಡುಗೆಮನೆಯಿಂದಲೇ, “ನುಗ್ಗೆಕಾಯಿ ಅಂದ್ಕೋ” ಎಂದೆ. ಅವಳು ನಕ್ಕಳು. ಅಂದಿನಿಂದ ಆ ಮಹಾಪುರುಷ ನಮ್ಮ ಮನೆಯಲ್ಲಿ ನುಗ್ಗೆಕಾಯಿ ಜನರಲ್ ಆದ.

ಮುಂದಿನ ವಾರಗಳಲ್ಲಿ ಪಾಠದ ಕೊನೆಯ ಹತ್ತು ನಿಮಿಷ ಆತನ ಕತೆಗೆ ಮೀಸಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಕೆಲವೇ ವಾರಗಳಲ್ಲಿ ದೇಶ ಜರ್ಮನರ ಕೈಗೆ ಹೋಯಿತು, ಹಿರಿಯ ನಾಯಕರು ಶರಣಾದರು. ಈತ ಮಾತ್ರ ಲಂಡನ್ನಿಗೆ ಹಾರಿ ರೇಡಿಯೋದಲ್ಲಿ ಮಾತಾಡಿ, ಹೋರಾಟ ಮುಗಿದಿಲ್ಲ ಎಂದ. ಕೇಳಿದವರು ಕಡಿಮೆ, ಹೌದೆಂದವರು ಇನ್ನೂ ಕಡಿಮೆ. ಮೊದಲಿಗೇ ಹೌದೆಂದ ನೆಲಗಳಲ್ಲಿ ಮಧ್ಯ ಆಫ್ರಿಕದ ವಸಾಹತುಗಳು ಸೇರಿದ್ದವು. “ಸ್ವತಂತ್ರ ಫ್ರಾನ್ಸಿಗೆ ಒಂದು ರಾಜಧಾನಿ ಬೇಕಿತ್ತು. ಅದು ನಮ್ಮ ಊರಾಯಿತು” ಎಂದು ಮದಾಮ್ ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು. ಎಂ.ಎ. ಮಾಡಿದ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವಳಂತೆ ತಲೆಯಾಡಿಸಿದೆ.

ಮದಾಮ್ ಅವರ ತಾತ ಆ ಸೈನ್ಯಕ್ಕೆ ಸೇರಿದವರು. ಮರುಭೂಮಿ ದಾಟಿ, ಸಮುದ್ರ ದಾಟಿ, ಫ್ರಾನ್ಸಿನ ದಕ್ಷಿಣ ತೀರದಲ್ಲಿ ಇಳಿದು ಉತ್ತರಕ್ಕೆ ಕಾದಾಡುತ್ತ ಹೋದರು. ಗೆಲುವು ಹತ್ತಿರವಾದಾಗ, ಚಳಿಗಾಲದ ಮುಂಚೆ, ಕಪ್ಪು ಸೈನಿಕರನ್ನು ಸಾಲಿನಿಂದ ಹೊರಗೆ ಕರೆದರು. ನಿಮಗೆ ಈ ಚಳಿ ತಡೆಯದು ಎಂದರು. ಅವರ ಕೋಟು, ಹೆಲ್ಮೆಟ್ಟು, ಬಂದೂಕು ಬಿಚ್ಚಿಸಿ ಅಲ್ಲೇ ನಿಂತಿದ್ದ ಬಿಳಿಯ ತರುಣರಿಗೆ ತೊಡಿಸಿದರು. ತಾತ ಪ್ಯಾರಿಸ್ ನೋಡಲೇ ಇಲ್ಲ. ಇದನ್ನು ಜನರಲ್ ತಾನೇ ಆದೇಶಿಸಿದನೋ ಬೇರೆಯವರು ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟನೋ ಎಂಬ ಬಗ್ಗೆ ನಾನು ಆಮೇಲೆ ಓದಿದ್ದರಲ್ಲಿ ಎರಡು ಬಗೆಯ ವಾದಗಳಿವೆ. ತಡೆಯಲಿಲ್ಲ ಎಂಬುದರ ಬಗ್ಗೆ ಮಾತ್ರ ಎರಡು ವಾದವಿಲ್ಲ.

“ನಿಮ್ಮ ತಾತನಿಗೆ ಕೋಪ ಇರಲಿಲ್ಲವೇ?” ಎಂದು ಕೇಳಿದೆ.

“ಇತ್ತು. ಕೋಟಿನ ಬಗ್ಗೆ” ಎಂದರು ಮದಾಮ್. “ಜನರಲ್ ಬಗ್ಗೆ ಅಲ್ಲ. ಅವನ ಫೋಟೊ ನಮ್ಮ ಊಟದ ಮೇಜಿನ ಮೇಲೆ ತೂಗುತ್ತಿತ್ತು. ಅವನು ಸತ್ತ ಸುದ್ದಿ ರೇಡಿಯೋದಲ್ಲಿ ಬಂದಾಗ ತಾತ ಎದ್ದು ನಿಂತರಂತೆ. ಆಮೇಲೆ ಕುಳಿತು, ನನ್ನ ಕೋಟು ಯಾರ ಮನೆಯಲ್ಲಿದೆಯೋ ಅಂದರಂತೆ.”

ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಎಲ್ಲ ಊರಿನ ಎಲ್ಲ ಸಂಘಗಳಂತೆ ಇಲ್ಲಿಯೂ ಮಕ್ಕಳ ಛದ್ಮವೇಷ ಸ್ಪರ್ಧೆ ಇರಲೇಬೇಕು. ಆ ವರ್ಷದ ವಿಷಯ ‘ಜಗತ್ತಿನ ನಾಯಕರು’. ಮೂರು ನಿಮಿಷ, ಕನ್ನಡದಲ್ಲಿ. ನೈರೋಬಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಹಾಗಾಗಿ ತಾಯಂದಿರು ಭಾಷಣವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಉರು ಹೊಡೆಸುತ್ತೇವೆ. ಮಗಳು ತಾನು ನುಗ್ಗೆಕಾಯಿ ಜನರಲ್ ಆಗುತ್ತೇನೆ ಎಂದಳು. ಎತ್ತರವೇ ಅರ್ಧ ವೇಷ.

ಸುದ್ದಿ ಕೇಳಿ ಮದಾಮ್ ಒಂದು ಶುಕ್ರವಾರ ಕರವಸ್ತ್ರದಲ್ಲಿ ಸುತ್ತಿದ ಪದಕ ತಂದರು. ಎರಡು ಅಡ್ಡಗೆರೆಯ ಶಿಲುಬೆ. ಜನರಲ್‌ನ ಕಡೆಯವರ ಗುರುತು. ತಾತನದು. “ಇವಳು ಹಾಕಿಕೊಳ್ಳಲಿ. ಆದರೆ ಒಂದು ವಾಕ್ಯ ತಾತನ ಬಗ್ಗೆ ಇರಲಿ. ಬ್ರಾಝವಿಲ್‌ನ ಒಬ್ಬ ಸೈನಿಕ, ಅವನ ಕೋಟು. ಅಷ್ಟು ಸಾಕು. ನಾನು ಬಂದು ಕೇಳುತ್ತೇನೆ.”

“ಕನ್ನಡದಲ್ಲಿ ಇರುತ್ತದಲ್ಲ?” ಎಂದೆ.

“ಬ್ರಾಝವಿಲ್ ಅನ್ನುವ ಪದ ಕನ್ನಡದಲ್ಲೂ ಬ್ರಾಝವಿಲ್ ತಾನೇ? ಅದು ಬಂದಾಗ ನನಗೆ ಗೊತ್ತಾಗುತ್ತದೆ.”

ನಾನು ಬರೆದೆ. ಒಂದಲ್ಲ, ಮೂರು ವಾಕ್ಯ ಬರೆದೆ, ಚೆನ್ನಾಗಿಯೇ ಬರೆದೆ. ಮಗಳು ಬಾಯಿಪಾಠ ಮಾಡಿದಳು. ಶನಿವಾರ ಸಂಜೆ ಫೋನಿನ ಗಡಿಯಾರ ಹಿಡಿದು ಹೇಳಿಸಿದರೆ ಮೂರು ನಿಮಿಷ ದಾಟಿ ಬಹಳ ಮುಂದಕ್ಕೆ ಹೋಗುತ್ತಿತ್ತು. ಏನಾದರೂ ತೆಗೆಯಬೇಕು. ರೇಡಿಯೋ ಭಾಷಣ ತೆಗೆಯುವಂತಿಲ್ಲ. ಆತ ರಾಷ್ಟ್ರಾಧ್ಯಕ್ಷನಾಗಿ ದೇಶಕ್ಕೆ ಹೊಸ ಸಂವಿಧಾನ ತಂದದ್ದು, ವಸಾಹತುಗಳು ಸ್ವತಂತ್ರವಾದದ್ದು, ಕೊನೆಗೆ ಜನಮತದಲ್ಲಿ ಸೋತು ಒಂದೇ ಮಾತಿಗೆ ಕುರ್ಚಿ ಬಿಟ್ಟು ಹಳ್ಳಿಗೆ ಹೋದದ್ದು ಬೇಕೇ ಬೇಕು. ಆತನಿಗೆ ಬುದ್ಧಿ ಬೆಳೆಯದ ಒಬ್ಬ ಮಗಳಿದ್ದಳು, ಗಂಭೀರ ಮನುಷ್ಯ ಅವಳೆದುರು ಹಾಡಿ ಕುಣಿಯುತ್ತಿದ್ದ, ತನ್ನನ್ನು ಅವಳ ಪಕ್ಕದಲ್ಲೇ ಹೂಳಬೇಕೆಂದಿದ್ದ. ಅದನ್ನು ತೆಗೆಯಲು ನನ್ನ ಮಗಳು ಬಿಡಲಿಲ್ಲ. ಉಳಿದದ್ದು ಕೋಟು.

ಅದೇ ಸಂಜೆ ನಗರದ ಇನ್ನೊಂದು ಬಡಾವಣೆ ಲೊರೆಶೋದಿಂದ ಅತ್ತಿಗೆಯ ಫೋನ್ ಬಂದಿತ್ತು. ಗಂಡನ ಅಣ್ಣನ ಹೆಂಡತಿ. ಇಪ್ಪತ್ತು ವರ್ಷದಿಂದ ಇಲ್ಲಿರುವವರು, ಸಂಘದ ಊಟದ ಜವಾಬ್ದಾರಿ ಅವರದೇ. “ಮಕ್ಕಳ ಪ್ರೋಗ್ರಾಂ ಕಣೇ, ಅಳಿಸೋ ಕತೆ ಬೇಡ. ಎಲ್ರೂ ಚಪ್ಪಾಳೆ ಹೊಡೀಬೇಕು, ಹಂಗಿರ್ಲಿ” ಎಂದರು. ಅಥವಾ ಹಾಗೆ ಅಂದರೆಂದು ನಾನು ಆಮೇಲೆ ಕಲ್ಪಿಸಿಕೊಂಡೆನೋ. ತಪ್ಪನ್ನು ಹಂಚಿಕೊಳ್ಳಲು ಇನ್ನೊಬ್ಬರು ಸಿಕ್ಕರೆ ನೆನಪು ಬಹಳ ಉದಾರವಾಗಿ ಕೆಲಸ ಮಾಡುತ್ತದೆ. ಕೆಂಪು ಪೆನ್ನಿನ ಗೆರೆ ಎಳೆದದ್ದು ನನ್ನ ಕೈ. ಕಾಗದ ಈಗಲೂ ಇದೆ.

“ಬಟ್ ಮದಾಮ್ ಈಸ್ ಕಮಿಂಗ್, ಅಮ್ಮ” ಎಂದಳು ಮಗಳು.

“ಅವ್ರಿಗೆ ಅರ್ಥ ಆಗುತ್ತೆ ಬಿಡು. ಟೈಮ್ ಇಲ್ವಲ್ಲ” ಎಂದೆ.

ಊಟದ ಏರ್ಪಾಡಿನ ಬಗ್ಗೆ ಇಲ್ಲಿ ಹೇಳಬೇಕು, ಏಕೆಂದರೆ ಹೊರಗಿನವರಿಗೆ ಅದು ತಿಳಿಯದು. ಹಬ್ಬಕ್ಕೆ ಬರುವ ಮನೆಗಳು ಡ್ರೈವರನ್ನೂ ಮಕ್ಕಳನ್ನು ನೋಡಿಕೊಳ್ಳುವ ಆಯಾಳನ್ನೂ ಕರೆತರುತ್ತವೆ. ಮೊದಲು ಅವರೆಲ್ಲ ನಮ್ಮ ಊಟ ಮುಗಿಯುವವರೆಗೆ ಕಾದು, ತಳದಲ್ಲಿ ಉಳಿದದ್ದನ್ನು ತಿನ್ನುತ್ತಿದ್ದರು. ಇದು ಸರಿಯಲ್ಲ ಎಂದು ಜಗಳವಾಡಿ, ಅವರಿಗೆ ಮೊದಲೇ ಬಿಸಿಬಿಸಿಯಾಗಿ ಡಬ್ಬಿಯಲ್ಲಿ ತುಂಬಿ ಹಿಂದಿನ ಗೇಟಿನ ಬಳಿ ಕೊಡುವ ಪದ್ಧತಿ ತಂದವರು ಅತ್ತಿಗೆಯೇ. ಅದಕ್ಕಾಗಿ ಮುಂಚೆಯೇ ಫೋನಿನಲ್ಲಿ ಒಂದು ಫಾರಂ ಬರುತ್ತದೆ: ಸದಸ್ಯರು, ಮಕ್ಕಳು, ಕೆಲಸದವರು. ಹೆಸರು ತುಂಬಬೇಕು. ಅತಿಥಿಗಳಿಗೆ ಬೇರೆ ಜಾಗ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಕೆಳಗೆ ‘ಇತರೆ’ ಎಂದು ಒಂದು ಸಾಲು ಇತ್ತೆಂದು ಕೆಲವೊಮ್ಮೆ ಅನ್ನಿಸುತ್ತದೆ. ಟ್ಯಾಕ್ಸಿಯಲ್ಲಿ ಕುಳಿತು ತುಂಬಿದೆ. ಮದಾಮ್ ಹೆಸರು ಹಾಕಿದ್ದು ಖಂಡಿತ. ಎಲ್ಲಿ ಹಾಕಿದೆ ಎಂಬುದು ಮಸಕು.

ಭಾನುವಾರ ಮದಾಮ್ ಹಸಿರು ಹೂವಿನ ಉದ್ದನೆಯ ಉಡುಪು, ಅದೇ ಬಟ್ಟೆಯ ತಲೆವಸ್ತ್ರ ಧರಿಸಿ ಬಂದರು. ಮೂರನೆಯ ಸಾಲಿನಲ್ಲಿ ಕುಳಿತರು. ಅತ್ತಿಗೆ ಮಗಳನ್ನು ಕಂಡು, “ಏನೋ ಇದು, ಯಾವ ದೇಶದ ಪೋಲೀಸಪ್ಪನೋ ನೀನು? ಸ್ಟೇಜಿನ ಸೀರಿಯಲ್ ಲೈಟಿಗೆ ತಲೆ ತಾಗೀತು, ಬಗ್ಗು!” ಎಂದು ರೇಗಿಸಿದರು. ವೇದಿಕೆಯ ಮೇಲೆ ಮೂವರು ರಾಣಿಯರು, ಇಬ್ಬರು ಸನ್ಯಾಸಿಗಳು, ಒಬ್ಬ ವಿಜ್ಞಾನಿ ಬಂದು ಹೋದ ಮೇಲೆ ಕಾಡಿಗೆಯ ಮೀಸೆಯ ಜನರಲ್ ನಡೆದು ಬಂದ. ಎದೆಯ ಮೇಲೆ ತಾತನ ಪದಕ. ಒಂದು ತಪ್ಪೂ ಇಲ್ಲದೆ ಹೇಳಿದಳು. ಜನ ನಕ್ಕರು, ಚಪ್ಪಾಳೆ ಹೊಡೆದರು. ನಾನು ಪಕ್ಕದಿಂದ ಮದಾಮ್ ಅವರನ್ನು ನೋಡುತ್ತಿದ್ದೆ. ಒಂದು ಅಕ್ಷರವೂ ಅರ್ಥವಾಗದ ಭಾಷೆಯಲ್ಲಿ ಒಂದೇ ಒಂದು ಪದಕ್ಕಾಗಿ ಅವರು ಕಿವಿಗೊಟ್ಟು ಕುಳಿತಿದ್ದರು. ತುಟಿ ಸ್ವಲ್ಪ ತೆರೆದಿತ್ತು. ಮಗಳು ಸೆಲ್ಯೂಟ್ ಹೊಡೆದಾಗಲೂ, ಇನ್ನೂ ಇದೆಯೇನೋ ಎಂಬಂತೆ ಒಂದು ಕ್ಷಣ ಚಪ್ಪಾಳೆ ತಡೆದರು. ಆಮೇಲೆ ತಟ್ಟಿದರು.

ಕೆಳಗೆ ಬಂದ ಮಗಳಿಗೆ “ಬ್ರಾವೊ, ಮೊನ್ ಜೆನೆರಾಲ್” ಎಂದು ಕೈಕುಲುಕಿ, ಅಂಗಿ ಹರಿಯದಂತೆ ನಿಧಾನವಾಗಿ ಪಿನ್ನು ಬಿಚ್ಚಿ ಪದಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. ನನಗೆ, “ಸಮಯ ಸಾಲಲಿಲ್ಲವೇ?” ಎಂದರು.

“ಮೂರೇ ನಿಮಿಷ” ಎಂದೆ.

“ಸವಾ” ಎಂದರು. ಸ್ವಾಹಿಲಿಯಲ್ಲಿ ಸರಿ ಎಂದು ಅರ್ಥ. ಇಲ್ಲಿ ಟ್ಯಾಕ್ಸಿಯವರಿಂದ ಹಿಡಿದು ಎಲ್ಲರೂ ಎಲ್ಲದಕ್ಕೂ ಹೇಳುವ ಮಾತು.

ಊಟದ ಹಾಲಿನ ಬಾಗಿಲಲ್ಲಿ ಹೊಸದಾಗಿ ಬಂದ ಬ್ಯಾಂಕಿನ ಒಬ್ಬ ಯುವಕ ಪಟ್ಟಿ ಹಿಡಿದು ನಿಂತಿದ್ದ. ನಾನೂ ಮಗಳೂ ಒಳಗೆ ಬಂದು ಕುಳಿತಿದ್ದೆವು. ಮದಾಮ್ ಕೈ ತೊಳೆದು ಹಿಂದಿನಿಂದ ಬಂದರು. ಅವನು ಹೆಸರು ಕೇಳಿದ. ಪಟ್ಟಿಯ ಮೇಲೆ ಬೆರಳಾಡಿಸಿದ. ಬಹಳ ಮರ್ಯಾದೆಯಿಂದಲೇ, ಇಲ್ಲಿ ದೊಡ್ಡ ಹೆಂಗಸರನ್ನು ಕರೆಯುವ ಹಾಗೆ, ನಗುತ್ತಲೇ, “ಮಾಮಾ, ಬ್ಯಾಕ್ ಗೇಟ್ ಪ್ಲೀಸ್. ಫುಡ್ ಈಸ್ ರೆಡಿ ದೇರ್” ಎಂದು ಕೈ ತೋರಿಸಿದ. ಮದಾಮ್ ತಲೆ ತಿರುಗಿಸಿ ಹಾಲಿನೊಳಗೆ ನನ್ನನ್ನು ಹುಡುಕಿದರು. ಕಂಡುಹಿಡಿದರು.

ನಾನು ಬಗ್ಗಿ ಮಗಳ ಮೀಸೆ ಸರಿಮಾಡತೊಡಗಿದೆ.

ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಮೀಸೆ ಸರಿಯಾಗಿಯೇ ಇತ್ತು. ಸೆರಗಿನ ತುದಿಗೆ ಕಾಡಿಗೆ ಹತ್ತಿದ ಕಲೆ ಇನ್ನೂ ಇದೆ. ಎಷ್ಟು ಹೊತ್ತು ತಿದ್ದಿದೆನೋ, ತಲೆ ಎತ್ತಿದಾಗ ಬಾಗಿಲಲ್ಲಿ ಬೇರೆಯವರಿದ್ದರು. ಆಗ ಎದ್ದೆ. ನಿಜವಾಗಿ ಎದ್ದೆ. ಅಷ್ಟರಲ್ಲಿ ಅತ್ತಿಗೆ ಹೋಳಿಗೆಯ ತಟ್ಟೆ ಹಿಡಿದು ಎದುರಿಗೆ ನಿಂತಿದ್ದರು. “ಎಲ್ಲಿಗೆ ಹೊರಟೆ? ಕೂತ್ಕೊ. ಬಿಸಿ ಇದೆ, ತುಪ್ಪ ಹಾಕ್ತೀನಿ.” ಕುಳಿತೆ. ತಿಂದೆ. ಎರಡು ತಿಂದೆ.

ಊಟ ಮುಗಿಸಿ ಹಿಂದಿನ ಗೇಟಿಗೆ ಹೋದಾಗ ಡ್ರೈವರುಗಳು ಕಾರುಗಳ ನೆರಳಲ್ಲಿ ಕುಳಿತು ಡಬ್ಬಿಯಿಂದ ತಿನ್ನುತ್ತಿದ್ದರು. ಕಾವಲುಗಾರ, ಆ ಅಮ್ಮ ಡಬ್ಬಿ ತೆಗೆದುಕೊಂಡರು, ಅಸಾಂಟೆ ಎಂದು ಧನ್ಯವಾದ ಹೇಳಿದರು, ಆಮೇಲೆ ಅದನ್ನು ನನಗೇ ಕೊಟ್ಟು ರಸ್ತೆಗೆ ಹೋದರು ಎಂದ. ಊಟ ಬಹಳ ಚೆನ್ನಾಗಿದೆ ಎಂದೂ ಸೇರಿಸಿದ.

ಬುಧವಾರ ಮದಾಮ್ ಬರಲಿಲ್ಲ. ಬೇರೆ ಕಡೆ ತರಗತಿಗಳು ಹೆಚ್ಚಾಗಿವೆ, ಮಗುವಿಗೆ ಶುಭವಾಗಲಿ ಎಂಬ ಚಿಕ್ಕ ಸಂದೇಶ ಬಂತು. ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಒಮ್ಮೆ ಎತ್ತಿ, ಮಟಾಟುವಿನಲ್ಲಿದ್ದೇನೆ, ಗದ್ದಲ ಎಂದರು. ಮಗಳು ಶಾಲೆಯ ಚೀಲ ಬಿಸಾಡಿ, “ಐ ಹ್ಯಾಡ್ ಇಟ್ ಬೈ ಹಾರ್ಟ್! ಒಂದ್ಸಲ ಹೇಳಿದ್ರೆ ಏನಾಗ್ತಿತ್ತು?” ಎಂದಳು. ಕೋಪ ಬಂದಾಗ ಅವಳಿಗೆ ಕನ್ನಡ ಬರುತ್ತದೆ.

ಆ ತಿಂಗಳಿಡೀ ನಾನು ಜನರಲ್ ಬಗ್ಗೆ ಓದಿದೆ. ತಾನೇ ಫ್ರಾನ್ಸ್ ಎಂದುಕೊಂಡವನು, ಹಠಮಾರಿ, ಎರಡು ಸಲ ಅಧಿಕಾರವನ್ನು ತಾನಾಗಿ ಬಿಟ್ಟು ನಡೆದವನು. ಅವನಿಲ್ಲದಿದ್ದರೆ ಆ ದೇಶ ತಲೆಯೆತ್ತಿ ನಿಲ್ಲುತ್ತಿತ್ತೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಕೋಟುಗಳ ಕತೆ ಎಷ್ಟೋ ಪುಸ್ತಕಗಳಲ್ಲಿ ಒಂದು ಅಡಿಟಿಪ್ಪಣಿ, ಕೆಲವುಗಳಲ್ಲಿ ಅದೂ ಇಲ್ಲ. ಓದುತ್ತ ಓದುತ್ತ ನನಗೆ ಒಂದು ಬಗೆಯ ಸಮಾಧಾನವಾಗುತ್ತಿರುವುದನ್ನು ಗಮನಿಸಿದೆ. ಅಂಥವನೇ ಹಾಗೆ ಮಾಡಿದ ಮೇಲೆ ನನ್ನದೇನು ಎಂಬ ಸಮಾಧಾನ. ಓದು ನಿಲ್ಲಿಸಿದೆ. ಅವನ ತಪ್ಪಿನ ಪಕ್ಕದಲ್ಲಿ ನಿಂತು ನನ್ನ ಸಣ್ಣತನವನ್ನು ಇತಿಹಾಸ ಮಾಡಿಕೊಳ್ಳುವುದು ಇನ್ನೊಂದು ಸಣ್ಣತನ. ಅವನಿಗೆ ಯುದ್ಧವಿತ್ತು. ನನಗಿದ್ದದ್ದು ಹೋಳಿಗೆ.

ಮದಾಮ್‌ಗೆ ಕ್ಷಮೆ ಕೇಳಿ ಪತ್ರ ಬರೆಯಬೇಕು. ಐದಾರು ಸಲ ಶುರು ಮಾಡಿದ್ದೇನೆ. ತಾತನ ವಾಕ್ಯ ಹೊಡೆದುಹಾಕಿದ್ದಕ್ಕೆ ಕ್ಷಮಿಸಿ ಎಂಬಲ್ಲಿಯವರೆಗೆ ಬರುತ್ತದೆ. ಮುಂದಿನ ವಾಕ್ಯ ಬರೆಯಲು ನಾನು ಮಾಡಿದ್ದೇನು ಎಂದು ಗೊತ್ತಿರಬೇಕು. ಆ ಯುವಕ ಅವರ ಬಣ್ಣ ನೋಡಿ ಕಳಿಸಿದ್ದರೆ ನನ್ನ ಅಪರಾಧ ಸುಮ್ಮನಿದ್ದದ್ದು. ಅವನನ್ನು ಒಂದು ಮದುವೆಯ ಆರತಕ್ಷತೆಯಲ್ಲಿ ಹಿಡಿದು ಕೇಳಿದೆ. ಪಾಪ, ಗಾಬರಿಯಾದ. “ಮೇಡಂ, ನಾನಾಗೇ ಏನೂ ಮಾಡ್ಲಿಲ್ಲ. ಲಿಸ್ಟ್ ನೋಡೇ ಹೇಳಿದ್ದು” ಎಂದ. ಹಾಗಾದರೆ ಪಟ್ಟಿಯಲ್ಲಿ ಅವರು ಕೆಲಸದವರ ಸಾಲಿನಲ್ಲಿದ್ದರು. ಹಾಗೆ ಹಾಕಿದವರು ಯಾರು? ಹಾಕಿದ್ದು ನಾನೇ ಆಗಿದ್ದರೆ ಬಾಗಿಲಲ್ಲಿ ನಡೆದದ್ದು ಆಕಸ್ಮಿಕವಲ್ಲ. ಅವರು ಹಸಿರು ಉಡುಪು ಆರಿಸುವ ಮೊದಲೇ, ಟ್ಯಾಕ್ಸಿಯಲ್ಲಿ, ಒಂದು ಬೆರಳಿನಿಂದ ನಾನದನ್ನು ಮುಗಿಸಿದ್ದೆ.

ಫಾರಂ ಈಗ ತೆರೆಯುವುದಿಲ್ಲ. ಎಲ್ಲರ ಫಾರಂ ನೋಡಿ ಅತ್ತಿಗೆ ಮಾಡಿದ ಪಟ್ಟಿ ಅವರ ಬಳಿಯೇ ಇದೆ. ಮೊದಲ ಸಲ ಕೇಳಿದಾಗ ಅವರು, “ಅಯ್ಯೋ, ಅದನ್ನಿನ್ನೂ ತಲೇಲಿಟ್ಕೊಂಡಿದ್ದೀಯಾ? ಆಯಮ್ಮ ಮರೆತಿರ್ತಾಳೆ. ನಾನು ನೋಡಿ ಹೇಳ್ತೀನಿ ಬಿಡು” ಎಂದರು. ಎರಡನೆಯ ಸಲ ಸಂದೇಶ ಕಳಿಸಿದೆ. ಓದಿದರು, ಮರುದಿನ ಬೆಳಗ್ಗೆ ಗುಲಾಬಿಯ ಚಿತ್ರದ ಶುಭೋದಯ ಕಳಿಸಿದರು. ಅವರು ಯಾರನ್ನು ಕಾಪಾಡುತ್ತಿದ್ದಾರೆ ಎಂದು ನನಗೆ ತಿಳಿಯದು. ತಮ್ಮನ್ನೇ ಇರಬಹುದು, ನನ್ನನ್ನೂ ಇರಬಹುದು. ಗೊತ್ತಾಗುವವರೆಗೆ ಪತ್ರ ಮುಂದೂಡಬಹುದಲ್ಲ ಎಂದು ನಾನು ಒಳಗೊಳಗೇ ಅವರಿಗೆ ಕೃತಜ್ಞಳಾಗಿರುವುದೂ ಸುಳ್ಳಲ್ಲ.

ಕಳೆದ ಭಾನುವಾರ ಲೊರೆಶೋಗೆ ಹೋಗಿದ್ದೆ. ಅತ್ತಿಗೆ ವರಾಂಡದಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ತೆಗೆದುಕೊಂಡು ಎದುರಿಗೆ ಕುಳಿತು, ಅವರ ಮುಖ ನೋಡಿಕೊಂಡೇ ಕೇಳಿದೆ. ಅವರ ಬೆರಳು ನಿಂತಿತು. ಮತ್ತೆ ಸೊಪ್ಪು ಬಿಡಿಸತೊಡಗಿದರು. ಕಟ್ಟು ಮುಗಿಯಿತು, ಚಹಾ ಬಂತು, ಭಾವ ಬಂದು ಕುಳಿತರು, ಮಾತು ಬೇರೆಡೆಗೆ ಹೋಯಿತು. ಈ ಹೊತ್ತಿನವರೆಗೂ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ: “ಅತ್ತಿಗೆ, ಮದಾಮ್ ಹೆಸರನ್ನ ಕೆಲಸದವರ ಸಾಲಿಗೆ ಹಾಕಿದ್ದು ನೀವಾ, ನಾನಾ?”